ಮೇಷ್ಟ್ರು ಬಂದರೆ ಕೆಡುವ ಯಂತ್ರ

ಗುಬ್ಬಿಯ ಕಾಲೇಜಿನ ಹಿಂಭಾಗದ ಕೋಣೆಯಲ್ಲಿದ್ದ ಯಂತ್ರ ನಿಜವಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಲಕ್ಷ್ಮೀನರಸಿಂಹಯ್ಯನವರು ಕಣ್ಣಾರೆ ನೋಡಿ ಹೇಳಬೇಕೆಂದು ಕಾಲೇಜು ನಡೆಸುವ ಟ್ರಸ್ಟಿನವರು ಗೊತ್ತುಮಾಡಿದರು. ಅವರು ಹೌದೆಂದರೆ ಕೋಣೆ ಅಲ್ಲಿ ಸಂಶೋಧನೆ ಮಾಡುತ್ತಿದ್ದ ಮಾಹಿರಾಳಿಗೆ ಉಳಿಯುತ್ತದೆ. ಇಲ್ಲವೆಂದರೆ ಯಂತ್ರ ಗುಜರಿಗೆ ಹೋಗುತ್ತದೆ. ಆ ಜಾಗದಲ್ಲಿ ಮಕ್ಕಳಿಗೆ ಟೈಪಿಂಗ್ ಮತ್ತು ಕಂಪ್ಯೂಟರ್ ತರಗತಿ ತೆರೆಯುತ್ತಾರೆ. ಇದು 2005ನೇ ಇಸವಿಯ ಆಷಾಢದ ಮಾತು.

ಲಕ್ಷ್ಮೀನರಸಿಂಹಯ್ಯನವರು ಹೈಸ್ಕೂಲಿನಲ್ಲಿ ಗಣಿತ ಹೇಳಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಬೆಳಿಗ್ಗೆ ಸ್ನಾನಮಾಡಿ ನರಸಿಂಹಸ್ವಾಮಿಯ ಪಟದ ಮುಂದೆ ಕುಳಿತೆದ್ದ ಮೇಲೆಯೇ ಅವರು ಬಾಯಿಗೆ ನೀರು ಬಿಡುವುದು. ಊರಿನಲ್ಲಿ ಅವರ ಮಾತಿಗೆ ಬೆಲೆಯಿತ್ತು. ಅವರು ಯಾರನ್ನೂ ಸುಲಭವಾಗಿ ನಂಬುವವರಲ್ಲ ಎಂಬುದೇ ಅದಕ್ಕೆ ಕಾರಣ. ಪರೀಕ್ಷೆಯ ಕೋಣೆಯಲ್ಲಿ ಹುಡುಗರ ಅಂಗೈ, ಅಂಗಿಯ ತೋಳು, ಕಂಪಾಸು ಪೆಟ್ಟಿಗೆಯ ಮುಚ್ಚಳ ಇವನ್ನೆಲ್ಲ ನೋಡಿ ನೋಡಿ ಅವರ ಕಣ್ಣು ಹಾಗಾಗಿತ್ತು.

ಯಂತ್ರವನ್ನು ಕಟ್ಟಿದವನು ಅವರ ಒಬ್ಬನೇ ಮಗ ಭಾನುಪ್ರಕಾಶ್. ಅವನು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದ. ಬೆಂಗಳೂರಿನ ಒಂದು ಪ್ರಯೋಗಶಾಲೆಯವರು ಹಳತಾಯಿತೆಂದು ಮೂಲೆಗೆ ಹಾಕಿದ್ದ ದೊಡ್ಡ ಅಯಸ್ಕಾಂತವನ್ನು ಬೇಡಿ ತಂದು, ಲಾರಿಯಿಂದ ಇಳಿಸಿ, ಅದರ ಸುತ್ತ ಇದ್ದಬದ್ದ ಪೆಟ್ಟಿಗೆಗಳನ್ನು ಜೋಡಿಸಿದ್ದ. ಕ್ವಾಂಟಂ ಕಂಪ್ಯೂಟರ್ ಎಂಬುದು ಮುಂದೊಂದು ದಿನ ಬರುತ್ತದೆ, ಅದರ ಮೊದಲ ಅಕ್ಷರವನ್ನಾದರೂ ಗುಬ್ಬಿಯಲ್ಲಿ ತಿದ್ದಬೇಕು ಎನ್ನುತ್ತಿದ್ದ. ತುಮಕೂರಿನ ಮಾಹಿರಾ ಎಂ.ಎಸ್ಸಿ. ಮುಗಿಸಿ ಅವನ ಕೈಕೆಳಗೆ ಸಂಶೋಧನೆಗೆ ಸೇರಿದ್ದಳು. ಕಳೆದ ಫಾಲ್ಗುಣದಲ್ಲಿ, ಕುಣಿಗಲ್ಲಿನಲ್ಲಿ ಯಾರೋ ಮಾರುತ್ತಿದ್ದ ಹಳೆಯ ಸ್ಟೆಬಿಲೈಸರನ್ನು ನೋಡಿಕೊಂಡು ಸ್ಕೂಟರಿನಲ್ಲಿ ಹಿಂದಿರುಗುವಾಗ, ಹೆಬ್ಬೂರಿನ ಹತ್ತಿರ ಭಾನುಪ್ರಕಾಶನ ಮೇಲೆ ಲಾರಿ ಹರಿಯಿತು. ಅವನಿಗೆ ಮದುವೆಯಾಗಿರಲಿಲ್ಲ. ಮಗ ಮಾಡಬೇಕಾದ ಕರ್ಮಗಳನ್ನು ಅವನ ತಂದೆಯೇ ಮಾಡಿದರು.

"ಮೇಷ್ಟ್ರೇ, ನಿಮ್ ಮಗ ಇದ್ದಾಗ ನಾವು ಒಂದ್ ಮಾತೂ ಆಡ್ಲಿಲ್ಲ," ಎಂದಿದ್ದರು ಟ್ರಸ್ಟಿನ ಅಧ್ಯಕ್ಷರಾದ ಕೊಬ್ಬರಿ ವ್ಯಾಪಾರಿ ಚಿಕ್ಕಬೋರಯ್ಯ. "ಈಗ ಆ ಹುಡ್ಗಿ ಒಬ್ಳೇ ಬಾಗ್ಲು ಹಾಕ್ಕೊಂಡು ಒಳ್ಗಡೆ ಏನ್ಮಾಡ್ತಾಳೆ, ಯಾರಿಗ್ ಗೊತ್ತು? ಕೇಳುದ್ರೆ ಬಂತು ಅಂತಾಳೆ. ಏನ್ ಬಂತು, ಯಾರ್ ನೋಡಿದ್ರು? ನೀವು ಲೆಕ್ಕದ ಮೇಷ್ಟ್ರು. ನೀವು ನಿಜ ಅಂದ್ರೆ ನಿಜ, ಸುಳ್ಳು ಅಂದ್ರೆ ಸುಳ್ಳು."

ಲಕ್ಷ್ಮೀನರಸಿಂಹಯ್ಯನವರಿಗೆ ಆ ಹುಡುಗಿಯ ಮೇಲೆ ಆಗಲೇ ಅನುಮಾನವಿತ್ತು. ಮಗ ಬದುಕಿದ್ದಾಗ ಸಂಜೆ ಮನೆಗೆ ಬಂದು ತಂದೆಗೆ, "ಇವತ್ತೂ ರಿಸಲ್ಟ್ ಬರಲಿಲ್ಲ ಅಣ್ಣ," ಎನ್ನುತ್ತಿದ್ದ. ಅವನು ಸತ್ತು ಅರ್ಧ ವರ್ಷವಾಗುವುದರೊಳಗೆ ಈಕೆಗೆ ಬಂದುಬಿಟ್ಟಿತೇ? ಅವನು ಮಾಡಿಟ್ಟದ್ದನ್ನೇ ತನ್ನದೆನ್ನುತ್ತಿದ್ದಾಳೋ, ಬರದೇ ಇದ್ದದ್ದನ್ನು ಬಂದಿದೆಯೆನ್ನುತ್ತಿದ್ದಾಳೋ, ಎರಡರಲ್ಲಿ ಒಂದು ಇರಬೇಕು ಎಂದುಕೊಂಡು ಅವರು ಹೊರಟರು.

ಮಾಹಿರಾ ಬಾಗಿಲಿನಲ್ಲೇ ನಿಂತಿದ್ದಳು. "ಸರ್, ವಾಚು, ಬೀಗದಕೈ ಏನಿದ್ರೂ ಆಚೆ ಸ್ಟೂಲ್ ಮೇಲಿಡಿ. ಒಳಗೆ ಕಬ್ಬಿಣ ಬರ್‍ಬಾರ್ದು. ಎಲ್ರಿಗೂ ಹೇಳ್ತೀನಿ, ಪ್ರಿನ್ಸಿಪಾಲ್ರಿಗೂ," ಎಂದಳು. ಅವರು ವಾಚನ್ನೂ ಮನೆಯ ಬೀಗದಕೈಯನ್ನೂ ಇಟ್ಟು ಒಳಗೆ ಹೋದರು.

ಬಾಗಿಲ ಪಕ್ಕದಲ್ಲೇ ಅಯಸ್ಕಾಂತವಿತ್ತು. ಕಬ್ಬಿನ ಗಾಣದಷ್ಟು ದಪ್ಪ. ಅದರ ನಡುವೆ ಬೆರಳಿಗಿಂತ ತೆಳುವಾದ ಗಾಜಿನ ಕೊಳವೆ, ಕೊಳವೆಯ ಸುತ್ತ ತಾಮ್ರದ ತಂತಿಯ ಸುರುಳಿ. ಅವಳು ಅವರಿಗೆ ಕುರ್ಚಿ ಹಾಕಿ ವಿವರಿಸತೊಡಗಿದಳು.

"ಕೊಳವೆಲಿರೋದು ಕ್ಲೋರೋಫಾರಂ ಸರ್. ಅದ್ರ ಒಂದೊಂದು ಅಣುವಲ್ಲೂ ಒಂದು ಹೈಡ್ರೋಜನ್, ಒಂದು ಕಾರ್ಬನ್. ಎರಡೂ ಬುಗುರಿ ಥರ ತಿರುಗೋ ಸಣ್ಣ ಮ್ಯಾಗ್ನೆಟ್‌ಗಳು. ಅವೇ ನಮ್ಮ ಕ್ಯೂಬಿಟ್‌ಗಳು. ಮಾಮೂಲಿ ಕಂಪ್ಯೂಟರಲ್ಲಿ ಸೊನ್ನೆ, ಇಲ್ಲಾ ಒಂದು. ಇಲ್ಲಿ ಮೇಲ್ಮುಖ ಸೊನ್ನೆ, ಕೆಳಮುಖ ಒಂದು, ಎರಡೂ ಬೆರೆತಿರೋ ಸ್ಥಿತಿನೂ ಉಂಟು."

"ಅವನ್ನು ಮಗುಚುವುದು ಹೇಗೆ? ಕೈ ಹಾಕುವುದಕ್ಕಾಗುತ್ತದೆಯೇ?"

"ರೇಡಿಯೋ ಅಲೆಯಿಂದ ಸರ್. ಈ ಸುರುಳಿಗೆ ಕಣ್ಣು ಮಿಟುಕಿಸೋಕ್ಕಿಂತ ಕಡಿಮೆ ಹೊತ್ತು ಅಲೆ ಕಳಿಸ್ತೀವಿ. ಅದಕ್ಕೆ ಪಲ್ಸ್ ಅಂತೀವಿ. ಸರಿಯಾದ ಸ್ಟೇಷನ್ ಹಿಡಿದು, ಸರಿಯಾದ ಹೊತ್ತು ಕೊಟ್ರೆ ಹೈಡ್ರೋಜನ್ ತಲೆಕೆಳಗಾಗತ್ತೆ. ಹೊತ್ತು ಅರ್ಧ ಮಾಡಿದ್ರೆ ಮಧ್ಯಕ್ಕೇ ನಿಲ್ಲತ್ತೆ."

ಕಂಪ್ಯೂಟರಿನ ಪರದೆಯಲ್ಲಿ ಎರಡು ಗೆರೆಗಳು ಏಳಬೇಕು ಎಂದಳು. ಕಾರ್ಬನ್ ಮೇಲ್ಮುಖವಾಗಿರುವ ಅಣುಗಳದು ಎಡಗಡೆಯ ಗೆರೆ, ಕೆಳಮುಖವಾಗಿರುವ ಅಣುಗಳದು ಬಲಗಡೆಯದು. ಬಲಗಡೆಯ ಗೆರೆಯೊಂದನ್ನೇ ತಲೆಕೆಳಗು ಮಾಡಿದರೆ, 'ಕಾರ್ಬನ್ ಕೆಳಗಿದ್ದರೆ ಮಾತ್ರ ನೀನು ಮಗುಚಿಕೋ' ಎಂದು ಹೈಡ್ರೋಜನ್ನಿಗೆ ಅಪ್ಪಣೆ ಕೊಟ್ಟಂತೆ. ಅಪ್ಪಣೆ ನಡೆದರೆ ಅದು ಲೆಕ್ಕ ಮಾಡುವ ಯಂತ್ರ. ನಡೆಯದಿದ್ದರೆ ಬರೀ ಅಯಸ್ಕಾಂತ.

ಗಣಿತದ ಮೇಷ್ಟ್ರಿಗೆ ಇದು ಅರ್ಥವಾಯಿತು. "ಸರಿ, ಮಾಡು," ಎಂದರು.

ಅವಳು ಗುಂಡಿ ಒತ್ತಿದಳು. ಪರದೆಯ ಮೇಲೆ ಗೆರೆಗಳು ಎದ್ದವು. ಆದರೆ ನೆಟ್ಟಗೆ ನಿಲ್ಲಲಿಲ್ಲ. ಒಂದು ಮೊಂಡಾಗಿ ಅರ್ಧಕ್ಕೆ ನಿಂತಿತು, ಇನ್ನೊಂದು ಅಡ್ಡಡ್ಡಲಾಗಿ ಹರಡಿಕೊಂಡಿತು. ಮತ್ತೆ ಒತ್ತಿದಳು. ಈ ಸಲ ಎರಡೂ ಜಾಗ ಬಿಟ್ಟು ಪಕ್ಕಕ್ಕೆ ಸರಿದಿದ್ದವು. ಅವಳ ಹಣೆಯಲ್ಲಿ ಬೆವರು ಬಂತು.

"ಬೆಳಿಗ್ಗೆ ಬಂದಿತ್ತು ಸರ್. ನಿಜವಾಗ್ಲೂ."

ಮನೆಯಲ್ಲಿ ಬಂದಿತ್ತು ಸಾರ್, ಇಲ್ಲಿ ಬೋರ್ಡಿನ ಮುಂದೆ ಬರುತ್ತಿಲ್ಲ ಎಂದು ಹೇಳಿದ ಹುಡುಗರನ್ನು ಅವರು ತಮ್ಮ ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದರು. ಎದ್ದು, ವಾಚು ಕಟ್ಟಿಕೊಂಡು ಹೋದರು.

ಮುಂದಿನ ವಾರ ಅವರು ತಿಳಿಸದೆ ಬಂದರು. ಮುಂಬಾಗಿಲಿಗೆ ಹೋಗದೆ ಕಟ್ಟಡವನ್ನು ಬಳಸಿ, ಕೋಣೆಯ ಆ ತುದಿಯಲ್ಲಿದ್ದ ಕಿಟಕಿಯ ಮರೆಯಲ್ಲಿ ನಿಂತರು. ಒಳಗೆ ಮಾಹಿರಾ ಒಬ್ಬಳೇ ಕುಳಿತಿದ್ದಳು. ಪರದೆ ಅವರಿಗೆ ಓರೆಯಾಗಿ ಕಾಣುತ್ತಿತ್ತು. ಎರಡು ಗೆರೆಗಳು, ತೆಂಗಿನ ಕಡ್ಡಿಯಷ್ಟು ಸಪೂರ. ಅವಳು ಗುಂಡಿ ಒತ್ತಿದಳು; ಬಲಗಡೆಯದು ಕೆಳಕ್ಕೆ ಇಳಿಬಿತ್ತು. ಇನ್ನೊಮ್ಮೆ ಒತ್ತಿದಳು, ಹಾಗೆಯೇ ಆಯಿತು. ಅವಳು ಯಾರೂ ಇಲ್ಲದಿದ್ದರೂ ತನ್ನಷ್ಟಕ್ಕೆ ತಲೆದೂಗಿದಳು.

ಅವರು ಸರಸರನೆ ಸುತ್ತಿಕೊಂಡು ಬಂದು ಬಾಗಿಲು ತಟ್ಟಿದರು. ವಾಚು, ಬೀಗದಕೈ ಇಟ್ಟರು. "ಈಗ ಮಾಡಿದ್ದನ್ನೇ ಇನ್ನೊಂದು ಸಲ ಮಾಡು," ಎಂದರು.

"ಈಗ ಮಾಡಿದ್ದು ನಿಮಗೆ..." ಎಂದವಳು ಕಿಟಕಿಯ ಕಡೆ ನೋಡಿದಳು. ಅವಳ ಮುಖ ಬಿಗಿದುಕೊಂಡಿತು. ಗುಂಡಿ ಒತ್ತಿದಳು. ಗೆರೆಗಳು ಮತ್ತೆ ಚೆದರಿಹೋದವು.

"ಯಾರಾದರೂ ನೋಡುತ್ತಿದ್ದರೆ ಬರುವುದಿಲ್ಲ, ಅಲ್ಲವೇನಮ್ಮ?"

"ಕ್ಯೂಬಿಟ್ ನೋಡಿದ್ರೆ, ಅಂದ್ರೆ ಅಳೆದ್ರೆ, ಕೆಡತ್ತೆ ಅನ್ನೋದು ಬೇರೆ ವಿಷ್ಯ ಸರ್. ಮನುಷ್ಯರ ಕಣ್ಣಿಗೂ ಇದಕ್ಕೂ ಸಂಬಂಧ ಇಲ್ಲ."

"ನಾನು ಬಂದಾಗ ಮಾತ್ರ ಕೆಡುತ್ತದೆ. ನಾನಿಲ್ಲದಾಗ ಚಿತ್ರ ಬರೆದ ಹಾಗೆ ಬರುತ್ತದೆ. ಚಿತ್ರವೇ ಇರಬೇಕು."

ಅವಳಿಗೆ ಕಣ್ಣಲ್ಲಿ ನೀರು ಬಂದಿತು. ಆದರೆ ಅವಳು ಮುಖ ತಿರುಗಿಸಿಕೊಳ್ಳಲಿಲ್ಲ. ಅವರ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆ ನೋಟ ಅವರಿಗೆ ಹಿಡಿಸಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ತಾವು ನೋಡುತ್ತಿದ್ದ ನೋಟ ಅದು.

ಎರಡು ದಿನ ಬಿಟ್ಟು ಅವಳೇ ಹೇಳಿಕಳುಹಿಸಿದಳು. ಅವರು ಹೋದಾಗ ಅವಳು ಮೊದಲ ದಿನದಂತೆ ವಿವರಿಸಲಿಲ್ಲ. "ಸರ್, ಬಾಗ್ಲಲ್ಲೇ ನಿಂತ್ಕೊಳ್ಳಿ," ಎಂದು ಪರದೆ ನೋಡಿದಳು. "ಎರಡ್ ಹೆಜ್ಜೆ ಮುಂದೆ ಬನ್ನಿ. ಹೂಂ. ಈಗ ಹಿಂದಕ್ಕೆ ಹೋಗಿ." ಅವರನ್ನು ಡ್ರಿಲ್ಲಿನ ಹುಡುಗನಂತೆ ಹಿಂದಕ್ಕೂ ಮುಂದಕ್ಕೂ ನಡೆಸಿ, ಕೊನೆಗೆ ಕುರ್ಚಿಯಿಂದ ಎದ್ದಳು.

"ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಹತ್ರ ಏನೋ ಇದೆ."

"ಏನಿದೆ?"

"ಕಬ್ಬಿಣ. ಇಲ್ಲಾ ಮ್ಯಾಗ್ನೆಟ್. ನೀವು ಬಾಗ್ಲಲ್ಲಿ ಕಾಲಿಟ್ರೆ ಗೆರೆ ಸರಿಯತ್ತೆ. ಹತ್ರ ಬಂದ್ರೆ ಇನ್ನೂ ಸರಿಯತ್ತೆ. ನೀವು ಅಲ್ಲಾಡಿದ್ರೆ ಅದೂ ಅಲ್ಲಾಡತ್ತೆ. ಸ್ಟೇಷನ್ ತಪ್ಪಿಹೋಗಿ, ಪಲ್ಸು ತಟ್ಟಬೇಕಾದವನನ್ನ ಬಿಟ್ಟು ಪಕ್ಕದವನನ್ನ ತಟ್ಟತ್ತೆ. ಕಸ ಗುಡಿಸೋ ಹನುಮಂತಮ್ಮ ಬರ್ತಾರೆ, ಪ್ರಿನ್ಸಿಪಾಲ್ರು ಬರ್ತಾರೆ, ಏನೂ ಆಗಲ್ಲ. ನೀವು ಬಂದ್ರೆ ಮಾತ್ರ."

"ವಾಚು ತೆಗೆದೆ, ಬೀಗದಕೈ ತೆಗೆದೆ. ಇನ್ನು ಪಂಚೆ ಬಿಚ್ಚಿ ತೋರಿಸಲೇ?"

"ನಾನು ಹಂಗಂದ್ನಾ ಸರ್?" ಎಂದಳು. ಸ್ವಲ್ಪ ತಡೆದು, ಧ್ವನಿ ತಗ್ಗಿಸಿ, "ಟ್ರಸ್ಟಿನವರು ಏನಾದ್ರೂ ಕೊಟ್ಟು ಕಳ್ಸಿದಾರಾ?" ಎಂದಳು.

ಲಕ್ಷ್ಮೀನರಸಿಂಹಯ್ಯನವರ ಕಿವಿ ಕೆಂಪಾದವು. "ನನ್ನ ಮಗನ ಯಂತ್ರವನ್ನು ಕೆಡಿಸುವುದಕ್ಕೆ ನಾನು ಬರುತ್ತೇನೆಯೇ?"

"ನನಗೆ ಗೊತ್ತಿಲ್ಲ ಸರ್. ನಿಮಗೆ ನನ್ಮೇಲೆ ಎಷ್ಟು ಅನುಮಾನವೋ, ನನಗೂ ನಿಮ್ಮೇಲೆ ಅಷ್ಟೇ."

ಅವರು ಉತ್ತರ ಕೊಡದೆ ಹೊರಟುಬಂದರು. ಕೊಡಬಹುದಾಗಿದ್ದ ಉತ್ತರ ಒಂದಿತ್ತು. ಅದನ್ನು ಕೊಡುವ ಹಾಗಿರಲಿಲ್ಲ. ಅವರ ಸೊಂಟದಲ್ಲಿ, ಪಂಚೆಯ ಒಳಗಡೆ, ಉಡಿದಾರಕ್ಕೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಅಡಕತ್ತರಿಯೊಂದಿತ್ತು. ತಾಯಿಯ ಕಾಲದ್ದು, ಒಂದು ಹಿಡಿ ತುಂಬ ಕಬ್ಬಿಣ. ಭಾನುಪ್ರಕಾಶನನ್ನು ಮಣ್ಣು ಮಾಡಿದ ದಿನ ಅವರ ಅಕ್ಕ ದೊಡ್ಡಗಂಗಮ್ಮ ಅದನ್ನು ತಂದು ಅವರ ಸೊಂಟಕ್ಕೆ ಸಿಕ್ಕಿಸಿದ್ದರು. ಕರ್ಮ ಮಾಡುವವನ ಮೈಮೇಲೆ ಕಬ್ಬಿಣ ಇರಬೇಕು. ಹೋದ ಜೀವ ಹಿಂದೆ ಬರಬಾರದು. ಹನ್ನೊಂದನೆಯ ದಿನದ ತಿಥಿಗೆ ಅದನ್ನು ತೆಗೆಯುವುದು ವಾಡಿಕೆ. ಆದರೆ ಇದು ಅಕಾಲದ ಸಾವು, ವರ್ಷ ತುಂಬುವವರೆಗೆ ಬಿಡಬೇಡ, ಯಾರ ಹತ್ತಿರವೂ ಹೇಳಬೇಡ, ಹೇಳಿದರೆ ಇದ್ದೂ ಇಲ್ಲದ ಹಾಗೆ ಎಂದು ಅಕ್ಕ ಕಟ್ಟಪ್ಪಣೆ ಮಾಡಿದ್ದರು. ಅವರಿಗೆ ಅದು ಮೈಯ ಒಂದು ಭಾಗವೇ ಆಗಿಹೋಗಿತ್ತು. ಕಬ್ಬಿಣ ಹೊರಗಿಡಿ ಎಂದು ಮಾಹಿರಾ ಹೇಳಿದ ಮೊದಲ ದಿನ ಅದರ ನೆನಪೇ ಬಂದಿರಲಿಲ್ಲ. ಜನಿವಾರವನ್ನೋ ತಾಳಿಯನ್ನೋ ಯಾರಾದರೂ ಸಾಮಾನಿನ ಲೆಕ್ಕಕ್ಕೆ ಸೇರಿಸುತ್ತಾರೆಯೇ?

ಮನೆಯಲ್ಲಿ ದೊಡ್ಡಗಂಗಮ್ಮ ಜಗಲಿಯ ಮೇಲೆ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು. ಗಂಡ ತೀರಿದ ಮೇಲೆ ಅವರು ತಮ್ಮನ ಮನೆಯಲ್ಲೇ ಇದ್ದವರು. ಭಾನುಪ್ರಕಾಶನನ್ನು ಎತ್ತಿ ಆಡಿಸಿದವರು. ತಮ್ಮ ಹೇಳಿದ್ದನ್ನು ಕೇಳಿ ಮೊರವನ್ನು ಕೆಳಗಿಟ್ಟರು.

"ಅವ್ಳಿಗ್ ಹೆಂಗ್ ಗೊತ್ತಾಯ್ತು? ನಾನಂತೂ ಬಾಯ್ ಬುಟ್ಟಿಲ್ಲ ಕಣಪ್ಪ."

"ಯಾರೂ ಹೇಳಿಲ್ಲಕ್ಕ. ಯಂತ್ರ ಹೇಳ್ತು."

"ಯಂತ್ರ ಹೇಳ್ತದಾ! ಏನ್ಲಾ ನರಸಿಂಹ, ಬುದ್ಧಿ ನೆಟ್ಟಗೈತಾ? ಕಬ್ಬಿಣ ಕಂಡ್ರೆ ಆಗಲ್ಲ ಅಂದ್ರೆ ಅದೇನೋ ಬ್ಯಾರೆನೇ ಇರ್ಬೇಕು ಆ ರೂಮ್ನಾಗೆ. ಆ ಹುಡ್ಗಿ ಏನ್ ಇಕ್ಕವ್ಳೋ ಏನೋ. ಹೋಗ್ಲೇಬ್ಯಾಡ ಬುಡು."

ಲಕ್ಷ್ಮೀನರಸಿಂಹಯ್ಯನವರು ಕಂಬಕ್ಕೆ ಒರಗಿ ಕುಳಿತರು. ಅವರ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಆದರೆ ಅದು ಈಗ ಬೇರೆ ದಿಕ್ಕಿಗೆ ತಿರುಗಿತ್ತು. ಕಾಪಿ ಹೊಡೆದ ಹುಡುಗನನ್ನು ಹಿಡಿಯುವುದಕ್ಕೆ ಅವರದು ಒಂದು ಉಪಾಯವಿತ್ತು. ಲೆಕ್ಕದ ಅಂಕಿಯನ್ನು ಸ್ವಲ್ಪ ಬದಲಾಯಿಸಿ ಕೊಡುವುದು. ಕಾಪಿಯವನ ಉತ್ತರ ಬದಲಾಗುವುದಿಲ್ಲ; ಲೆಕ್ಕ ಮಾಡಿದವನದು ಬದಲಾಗುತ್ತದೆ. ಪರದೆಯ ಮೇಲಿನದು ಬರೆದಿಟ್ಟ ಚಿತ್ರವಾಗಿದ್ದರೆ ನಾನು ಬಂದರೇನು, ಹೋದರೇನು? ಯಾರಿಗೂ ಹೇಳದೆ ಬಟ್ಟೆಯೊಳಗೆ ಸುತ್ತಿಟ್ಟುಕೊಂಡಿರುವ ವಸ್ತು ಅದಕ್ಕೆ ತಿಳಿಯಿತು. ನಾನು ಒಂದು ಹೆಜ್ಜೆ ಇಟ್ಟರೆ ಅದೂ ಸರಿಯಿತು. ಸುಳ್ಳು ಯಂತ್ರ ಹಾಗೆ ಮಾಡುವುದಿಲ್ಲ.

"ಅಕ್ಕ, ನಾಳೆ ಒಂದು ಗಳಿಗೆ ಇದನ್ನು ತೆಗೆದಿಡುತ್ತೇನೆ."

"ವರ್ಷ ತುಂಬಿಲ್ಲ ಕಣೋ! ಲಾರಿ ಕೆಳಗ್ ಹೋದ ಜೀವ. ಅಂಥದ್ದು ಮನೆ ಮಂದಿ ಹಿಂದೆನೇ ಸುತ್ತತದೆ. ಕಬ್ಬಿಣ ಇದ್ರೆ ದೂರ ನಿಲ್ತದೆ."

"ದೂರ ನಿಲ್ಲಬೇಕಾದವನು ಯಾರಕ್ಕ?"

ದೊಡ್ಡಗಂಗಮ್ಮನ ಕೈ ಹುರುಳಿಯ ಮೇಲೆ ನಿಂತುಬಿಟ್ಟಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನಾನೂ ಬತ್ತೀನಿ. ನಾನೇ ಹಿಡ್ಕಂಡ್ ಕುಂತ್ಕತೀನಿ. ನೆಲಕ್ಕೆ ಮಾತ್ರ ಇಕ್ಕಬ್ಯಾಡ," ಎಂದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಇಬ್ಬರೂ ಕಾಲೇಜಿಗೆ ಹೋದರು. ಹಿಂದಿನ ಗೇಟಿನ ಪಕ್ಕದ ಹೊಂಗೆಯ ಮರದ ಕೆಳಗೆ ದೊಡ್ಡಗಂಗಮ್ಮ ಕುಳಿತರು. ತಮ್ಮನು ಮರೆಗೆ ಹೋಗಿ ಬಿಚ್ಚಿ ತಂದುಕೊಟ್ಟ ಅಡಕತ್ತರಿಯ ಗಂಟನ್ನು ಮಡಿಲಿನಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿದರು. "ಬ್ಯಾಗ ಬಾ. ಅವ್ನ ಹೆಸರೆತ್ತಿ ಅಲ್ಲಿ ಅಳ್ಬ್ಯಾಡ," ಎಂದರು.

ಲಕ್ಷ್ಮೀನರಸಿಂಹಯ್ಯನವರಿಗೆ ಸೊಂಟ ಹಗುರವಾಗಿ, ನಡಿಗೆಯೇ ತಪ್ಪಿದ ಹಾಗಿತ್ತು. ಬಾಗಿಲಲ್ಲಿ ಒಂದು ಕ್ಷಣ ನಿಂತು ಮನಸ್ಸಿನಲ್ಲಿ ಸ್ವಾಮಿಯನ್ನು ನೆನೆದು ಒಳಗೆ ಕಾಲಿಟ್ಟರು. ಮಾಹಿರಾ ಅವರ ಮುಖ ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಅವರು ಬಂದು ಕುರ್ಚಿಯಲ್ಲಿ ಕುಳಿತರು. ಎರಡು ಗೆರೆಗಳೂ ಇದ್ದಲ್ಲಿಯೇ ಇದ್ದವು.

"ಏನ್ ತೆಗೆದಿಟ್ರಿ ಸರ್?" ಅವಳ ದನಿಯಲ್ಲಿ ಇನ್ನೂ ಒರಟುತನವಿತ್ತು.

"ಅದನ್ನು ಹೇಳುವ ಹಾಗಿಲ್ಲಮ್ಮ."

ಅವಳು ಅವರ ಬೋಳಾದ ಹಣೆಯನ್ನೂ, ನಾಲ್ಕು ತಿಂಗಳಿನಿಂದ ಬೋಳಿಸದ ಬಿಳಿ ಗಡ್ಡವನ್ನೂ ನೋಡಿದಳು. ಕಿಟಕಿಯಾಚೆ ಹೊಂಗೆಯ ಮರದ ಕೆಳಗೆ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದ ಮುದುಕಿಯನ್ನು ನೋಡಿದಳು. "ನಮ್ಮ ದಾದಿ, ಅಂದ್ರೆ ಅಜ್ಜಿ, ಕುಲ್ಸುಂ ಬೀ ಇದಾರಲ್ಲ, ದಿಂಬಿನ ಕೆಳಗೆ ಚಾಕು ಇಟ್ಕೊಂಡೇ ಮಲಗೋದು. ಯಾಕೆ ಅಂದ್ರೆ ಬೈತಾರೆ," ಎಂದಳು. ಮುಂದೆ ಏನೂ ಕೇಳಲಿಲ್ಲ.

"ಸರಿ. ನಾನು ಹೇಳಿದ ಹಾಗೆ ಮಾಡಬೇಕು. ಬಲಗಡೆಯದನ್ನು ಮಗುಚು," ಎಂದರು ಮೇಷ್ಟ್ರು.

ಯಂತ್ರ ಟಿಕ್ ಎಂದಿತು. ಬಲಗಡೆಯ ಗೆರೆ ತಲೆಕೆಳಗಾಯಿತು. ಎಡಗಡೆಯದು ನೆಟ್ಟಗೆ ನಿಂತಿತ್ತು.

"ಈಗ ಎಡಗಡೆಯದು."

ಎಡಗಡೆಯದು ಇಳಿಯಿತು, ಬಲಗಡೆಯದು ನಿಂತಿತು.

"ಎರಡನ್ನೂ." ಎರಡೂ ಇಳಿದವು. "ಈಗ ಏನೂ ಕಳಿಸಬೇಡ, ಮಗುಚು ಎನ್ನದೆ ಬರೀ ನೋಡು." ಎರಡೂ ಎದ್ದುನಿಂತವು.

ಅವರು ಗಡ್ಡ ಕೆರೆದುಕೊಂಡರು. "ಆ ಕೊಳವೆಯನ್ನೇ ತೆಗೆದುಬಿಡು."

ಮಾಹಿರಾಳಿಗೆ ನಗು ಬಂತು. "ಮೇಷ್ಟ್ರು ಅಂದ್ರೆ ಮೇಷ್ಟ್ರೇ," ಎಂದುಕೊಂಡು ಗಾಜಿನ ಕೊಳವೆಯನ್ನು ಹೊರಗೆ ತೆಗೆದು ಅವರ ಕೈಗೇ ಕೊಟ್ಟಳು. ಗುಂಡಿ ಒತ್ತಿದಳು. ಪರದೆಯ ಮೇಲೆ ಗೆರೆಯೇ ಇಲ್ಲ. ಬೇಸಿಗೆಯ ಗೋಮಾಳದ ಹುಲ್ಲಿನ ಹಾಗೆ ತಳದಲ್ಲಿ ಏನೋ ಕುರುಚಲು. ಅವರು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದರು. ನೀರಿನಂಥ ಪದಾರ್ಥ. ಹೇಳಿದ ಮಾತು ಕೇಳುವುದು ಇದೇ. ಅದನ್ನು ಜೋಪಾನವಾಗಿ ಹಿಂದಿರುಗಿಸಿದರು.

ನಿಜ ಎಂದು ಅಲ್ಲಿಗೇ ಹೇಳಿ ಏಳಬಹುದಾಗಿತ್ತು. ಆದರೆ ಅವರ ಎದೆಯಲ್ಲಿ ಮೊದಲಿನಿಂದ ಕುಳಿತಿದ್ದ ಅನುಮಾನ ಇನ್ನೊಂದಿತ್ತು.

"ಒಂದು ಮಾತು ಹೇಳು. ಇದು ಭಾನು ಮಾಡಿದ್ದೋ, ನೀನು ಮಾಡಿದ್ದೋ?"

ಜಾಣರಾದವರು ಇದಕ್ಕೆ ಏನು ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಎಲ್ಲ ಸರ್ ಮಾಡಿದ್ದೇ, ನಾನು ಬರೀ ಗುಂಡಿ ಒತ್ತಿದೆ ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ತಂದೆ ಕರಗುತ್ತಾನೆ, ಕೋಣೆ ಉಳಿಯುತ್ತದೆ. ಆ ಮಾತು ಬರಲೆಂದು ಅವರು ಕಾದರು. ಬಂದರೆ ಅವಳನ್ನು ನಂಬಬಾರದು ಎಂದೂ ನಿಶ್ಚಯಿಸಿಕೊಂಡಿದ್ದರು.

ಮಾಹಿರಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿದಳು.

"ಮ್ಯಾಗ್ನೆಟ್ ತಂದಿದ್ದು, ಕೂಡಿಸಿದ್ದು, ಎಲ್ಲಾ ಭಾನು ಸರ್. ಸುರುಳಿ ಹೆಂಗಿರ್ಬೇಕು ಅಂತ ಲೆಕ್ಕ ಹಾಕಿದ್ದೂ ಅವ್ರೇ. ಸುತ್ತಿಕೊಟ್ಟಿದ್ದು ನಮ್ಮ ಅಬ್ಬಾ, ತುಮಕೂರಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಅವ್ರದು. ಆದ್ರೆ..."

"ಆದರೆ?"

"ಸರ್ ಇದ್ದಾಗ ಇದು ಬಂದಿರ್ಲಿಲ್ಲ. ಒಂದ್ಸಲಾನೂ ಬಂದಿರ್ಲಿಲ್ಲ."

"ಯಾಕೆ?"

"ಸರ್ ಒಂದೇ ಪಲ್ಸಲ್ಲಿ ಮಗುಚ್ತಿದ್ರು. ನಮ್ಮ ಸುರುಳಿ ಕೊಳವೆ ಉದ್ದಕ್ಕೂ ಒಂದೇ ಸಮ ಇಲ್ಲ. ಒಂದ್ ಕಡೆ ಅಣು ಪೂರ್ತಿ ಮಗುಚತ್ತೆ, ಇನ್ನೊಂದ್ ಕಡೆ ಮುಕ್ಕಾಲಿಗೇ ನಿಂತ್ಬಿಡತ್ತೆ. ನಾನು ಒಂದರ ಬದ್ಲು ಮೂರು ಕೊಟ್ಟೆ. ಮೊದ್ಲು ಅರ್ಧ, ಆಮೇಲೆ ಬೇರೆ ಪಕ್ಕದಿಂದ ಪೂರ್ತಿ, ಆಮೇಲೆ ಮತ್ತೆ ಅರ್ಧ. ಮೊದಲನೇದು ಮಾಡಿದ್ ತಪ್ಪನ್ನ ಮಧ್ಯದ್ದು ತಿರುಗಿಸಿಡತ್ತೆ, ಕೊನೇದು ಮುಚ್ಚಿಹಾಕತ್ತೆ. ಬೇರೆ ದೇಶದಲ್ಲಿ ಬಹಳ ಹಿಂದೇನೇ ಕಂಡ್ಕೊಂಡಿರೋ ಉಪಾಯ ಅದು. ನಂದಲ್ಲ."

"ಅವನಿಗೆ ಇದನ್ನು ಹೇಳಿದ್ದೆಯಾ?"

"ಹೇಳಿದ್ದೆ." ಅವಳ ದನಿ ಸಣ್ಣದಾಯಿತು. "ಒಪ್ಪಿರ್ಲಿಲ್ಲ. ಸುರುಳಿಲಿ ತಪ್ಪಿಲ್ಲ, ಕರೆಂಟ್ ಏರಿಳಿತ ಇದೆ, ಒಳ್ಳೇ ಸ್ಟೆಬಿಲೈಸರ್ ಸಿಕ್ರೆ ಸರಿಹೋಗತ್ತೆ ಅಂದ್ರು. ಅದಕ್ಕೇ ಕುಣಿಗಲ್‌ಗೆ..." ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು.

ಲಕ್ಷ್ಮೀನರಸಿಂಹಯ್ಯನವರು ಎದುರಿಗಿದ್ದ ಖಾಲಿ ಕುರ್ಚಿಯನ್ನು ನೋಡಿದರು. ಅದರ ಬೆನ್ನಿಗೆ ಯಾರೋ ಹಳೆಯ ಟವೆಲ್ ಹಾಕಿದ್ದರು. ಬೇಡದ ಸ್ಟೆಬಿಲೈಸರ್. ಬೇಡದ ಪ್ರಯಾಣ. ಹೆಬ್ಬೂರಿನ ಹತ್ತಿರದ ಆ ತಿರುವು. ನರಸಿಂಹಾ, ಇದನ್ನೂ ಕೇಳಿಸಿದೆಯಾ ಎಂದುಕೊಂಡರು. ಕಣ್ಣು ಮುಚ್ಚಿ, ತೆರೆದರು. ಎದುರಿಗೆ ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಈಕೆಗೆ ಬೇಕಾದದ್ದು ಒಂದು ಸುಳ್ಳು ಮಾತಿನಿಂದ ದೊರೆಯುತ್ತಿತ್ತು. ಅದನ್ನು ಈಕೆ ಆಡಲಿಲ್ಲ. ಎಷ್ಟು ಹುಡುಕಿದರೂ ಅವರ ಅನುಮಾನಕ್ಕೆ ಕಾಲೂರಲು ಜಾಗ ಸಿಗಲಿಲ್ಲ.

ಅವರು ಮೆಲ್ಲಗೆ ಎದ್ದು, "ಶನಿವಾರ ಮೀಟಿಂಗು. ನೀನೂ ಬಾ," ಎಂದಷ್ಟೇ ಹೇಳಿ ಹೋದರು.

ಶನಿವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಟ್ರಸ್ಟಿನವರು ಸೇರಿದರು. ಮಾಹಿರಾ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಳು. ಬಾಗಿಲು ತೆರೆದೇ ಇತ್ತು. ಲಕ್ಷ್ಮೀನರಸಿಂಹಯ್ಯನವರು, "ನೋಡಿದೆ. ನಿಜ. ನನ್ನ ಅಪ್ಪಣೆಯಂತೆ ಮಗುಚಿತು," ಎಂದರು.

ಚಿಕ್ಕಬೋರಯ್ಯ ಮೇಜು ಕುಟ್ಟಿದರು. "ಅಲ್ಲಿಗೆ ಮುಗೀತು ಬುಡಿ. ಮೇಷ್ಟ್ರೇ, ನಾವೂ ಒಂದು ಯೋಚ್ನೆ ಮಾಡಿದ್ವಿ. ಆ ಕೋಣೆಗೆ ಭಾನುಪ್ರಕಾಶ್ ಸ್ಮಾರಕ ಅಂತ ಕಲ್ಲು ಹಾಕ್ಸೋಣ. ಅವ್ನು ಕಂಡುಹಿಡಿದಿದ್ದು ಅಂತ ಕೆತ್ಸೋಣ. ಆಗ ಯಾರೂ ಖಾಲಿ ಮಾಡಿ ಅನ್ನಂಗಿಲ್ಲ."

ಹೂಂ ಎಂದರೆ ಸಾಕಾಗಿತ್ತು. ಕೋಣೆಯೂ ಉಳಿಯುತ್ತಿತ್ತು, ಮಗನ ಹೆಸರೂ ಉಳಿಯುತ್ತಿತ್ತು. ಲಕ್ಷ್ಮೀನರಸಿಂಹಯ್ಯನವರು ಗಂಟಲು ಸರಿಮಾಡಿಕೊಂಡರು.

"ಯಂತ್ರ ಕಟ್ಟಿದ್ದು ಅವನು. ಕೆಲಸ ಮಾಡಿಸಿದ್ದು ಈ ಹುಡುಗಿ. ಅವನ ಕೈಲಿ ಆಗಿರಲಿಲ್ಲ. ಅವನು ಒಂದು ಕಡೆ ತಪ್ಪಿದ್ದ."

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. "ದುಃಖದಲ್ಲಿ ಏನೋ ಹೇಳ್ತಾ ಇದಾರೆ," ಎಂದರು ಒಬ್ಬರು ಪಕ್ಕದವರಿಗೆ. ಇನ್ನೊಬ್ಬರು ದನಿಯನ್ನೂ ತಗ್ಗಿಸದೆ, "ಆ ಹುಡ್ಗಿ ಚೆನ್ನಾಗಿ ಹೇಳಿಕೊಟ್ಟಿರ್ಬೇಕು ಮೇಷ್ಟ್ರಿಗೆ," ಎಂದರು. ಹೊರಗೆ ಬೆಂಚು ಕಿರುಗುಟ್ಟಿತು.

ಚಿಕ್ಕಬೋರಯ್ಯ ಮಾತ್ರ ಮೇಷ್ಟ್ರ ಮುಖವನ್ನು ಕಣ್ಣು ಕಿರಿದು ಮಾಡಿಕೊಂಡು, ಕೊಬ್ಬರಿಯ ರಾಶಿಯನ್ನು ನೋಡುವ ಹಾಗೆ ನೋಡಿದರು. "ಸತ್ತ ಮಗನ್ನ ತಪ್ಪು ಮಾಡ್ದ ಅಂತ ಯಾವ ತಂದೆ ಸುಳ್ಳು ಹೇಳ್ತಾನೆ? ಸುಮ್ಕಿರಿ ನೀವು. ಕಲ್ಲು ಗಿಲ್ಲು ಏನೂ ಬ್ಯಾಡ. ಆ ಹುಡ್ಗಿ ಸಂಶೋಧ್ನೆ ಮುಗಿಯೋಗಂಟ ಕೋಣೆ ಅವ್ಳಿಗಿರ್ಲಿ. ಕಂಪ್ಯೂಟರ್ ಕ್ಲಾಸಿಗೆ ಬ್ಯಾರೆ ಜಾಗ ನೋಡೋಣ," ಎಂದರು.

ಲಕ್ಷ್ಮೀನರಸಿಂಹಯ್ಯನವರು ಹೊರಗೆ ಬಂದಾಗ ಮಾಹಿರಾ ಎದ್ದು ನಿಂತಿದ್ದಳು. ಅವಳು ಕಣ್ಣೊರೆಸಿಕೊಂಡು ಕೈಮುಗಿದಳು.

"ಅಳಬೇಡಮ್ಮ. ಎಲ್ಲ ಕೇಳಿಸಿತಲ್ಲ."

"ಕಲ್ಲು ಹಾಕಿಸ್ಬಹುದಿತ್ತು ಸರ್. ನಾನು ಬೇಡ ಅಂತಿರ್ಲಿಲ್ಲ."

"ಅದು ಇರಲಿ." ಅವರು ಕೈಯನ್ನು ಗೋಡೆಗೆ ಊರಿ ಒಂದು ಮೆಟ್ಟಿಲು ಇಳಿದರು, ಆಮೇಲೆ ನಿಂತರು. "ಸೋಮವಾರ ಬರುತ್ತೇನೆ. ನಿನಗೆ ಬಿಡುವಿದ್ದರೆ ಅವನು ಎಲ್ಲಿ ತಪ್ಪಿದ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸು. ಸೈನು, ಕೊಸೈನು ನನಗೆ ಬರುತ್ತದೆ. ಉಳಿದದ್ದು ನಿಧಾನವಾಗಿ ಹೇಳು."